ಅಣ್ಣನಿಗೆ ಬಿಪಿ ಇದೆ, ಮಾತು ಕೇಳುತ್ತಿಲ್ಲ: ಮನೆಯವರ ಹೃದಯ ಕಾಪಾಡಲು ನೀವೆಲ್ಲ ಏನು ಮಾಡಿದಿರಿ?

ಟೀಚರ್ ಅಕ್ಕ, ಕಲಬುರಗಿ

ಎಲ್ಲರಿಗೂ ಶರಣು.

ನಮ್ಮ ಅಣ್ಣ ಇಲ್ಲಿನ ಒಂದು ದಾಲ್ ಮಿಲ್‌ನಲ್ಲಿ ಸೂಪರ್‌ವೈಸರ್. ವಯಸ್ಸು ಐವತ್ತರ ಹತ್ತಿರ. ಒಂದು ಶಿಬಿರದಲ್ಲಿ ನೋಡಿದಾಗ ಬಿಪಿ 160/100 ಇತ್ತು. ದವಾಖಾನೆಯಲ್ಲಿ ಮತ್ತೆ ನೋಡಿ ಗುಳಿಗೆ ಬರೆದುಕೊಟ್ಟರು. ಮೊದಲು ಕೊಟ್ಟಷ್ಟು ಗುಳಿಗೆ ಮುಗಿಸಿ ಬಿಟ್ಟುಬಿಟ್ಟಿದ್ದಾನೆ. "ನನಗೆ ಏನೂ ಆಗಿಲ್ಲ. ಒಮ್ಮೆ ಗುಳಿಗೆ ಚಾಲೂ ಮಾಡಿದರೆ ಸಾಯೋ ತನಕ ಬಿಡೋಕಾಗಲ್ಲ" ಅನ್ನುತ್ತಾನೆ. ಊಟಕ್ಕೆ ಶೇಂಗಾ ಹಿಂಡಿ (ಚಟ್ನಿಪುಡಿ), ಉಪ್ಪಿನಕಾಯಿ, ಹಪ್ಪಳ ಮೂರೂ ಬೇಕು. ಸಂಜೆ ಮಿಲ್ ಗೇಟಿನ ಮುಂದೆ ಮಿರ್ಚಿ ಭಜಿ, ಚಹಾ. ಬಾಯಲ್ಲಿ ಗುಟ್ಕಾ ಇಲ್ಲದ ಹೊತ್ತು ಕಡಿಮೆ.

ನಮ್ಮ ಅಪ್ಪ ಹೃದಯಾಘಾತದಿಂದಲೇ ಹೋದರು. ಅಣ್ಣನೇ ಆ ರಾತ್ರಿ ಆಸ್ಪತ್ರೆಯಲ್ಲಿ ಇದ್ದವನು. ಅಷ್ಟಾದರೂ ಕೇಳುತ್ತಿಲ್ಲ. ನಾವು ಅತ್ತಿದ್ದೇವೆ, ಬೈದಿದ್ದೇವೆ, ಮೊಬೈಲ್‌ಗೆ ವಿಡಿಯೊ ಕಳಿಸಿದ್ದೇವೆ. ಜಾಸ್ತಿ ಹೇಳಿದರೆ ತಾಟು ಬಿಟ್ಟು ಎದ್ದು ಹೋಗುತ್ತಾನೆ.

ಉಪ್ಪು ಕಡಿಮೆ ಮಾಡಬೇಕು, ನಡೆಯಬೇಕು, ತಂಬಾಕು ಬಿಡಬೇಕು ಅಂತ ಎಲ್ಲರಿಗೂ ಗೊತ್ತು. ಗೊತ್ತಿರುವವರು ಅದನ್ನು ಮಾಡುವ ಹಾಗೆ ಮಾಡುವುದು ಹೇಗೆ? ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಕೆಲಸದ ಜಾಗದಲ್ಲಿ ಏನಾದರೂ ಉಪಯೋಗಕ್ಕೆ ಬಂದಿದ್ದರೆ ಬರೆಯಿರಿ. ನಮ್ಮ ಕಡೆಯ ಊಟ, ನಮ್ಮ ಬಿಸಿಲು ತಿಳಿದವರ ಮಾತು ಬೇಕಾಗಿದೆ.

ನಿವೃತ್ತ ಚಾಲಕ, ಜೇವರ್ಗಿ

ತಂಗೀ, ನಾನು ಸಾರಿಗೆ ಸಂಸ್ಥೆಯ ಬಸ್ ಓಡಿಸಿ ನಿವೃತ್ತನಾದವನು. ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇದೆ.

ಮೊದಲು ಅಣ್ಣನನ್ನು ಹೆದರಿಸುವುದನ್ನು ನಿಲ್ಲಿಸಿ. ನಮ್ಮ ಡಿಪೋದಲ್ಲಿ ಯಾರಾದರೂ ಎದೆನೋವಿನಿಂದ ತೀರಿಕೊಂಡರೆ ಆ ವಾರ ಎಲ್ಲರೂ ಬೀಡಿ ಬಿಡುತ್ತಿದ್ದರು. ದಿನಕರ್ಮ ಮುಗಿಯುವ ಹೊತ್ತಿಗೆ ಮತ್ತೆ ಹಚ್ಚುತ್ತಿದ್ದರು. ಭಯ ಬಹಳ ದಿನ ಇರುವುದಿಲ್ಲ.

ನಾನು ಬೀಡಿ ಬಿಟ್ಟಿದ್ದು ಆಸ್ಪತ್ರೆಯ ಒಬ್ಬ ನರ್ಸ್‌ನಿಂದ. ಆಕೆ "ಬಿಡಿ" ಅಂತ ಒಂದು ಸಲವೂ ಹೇಳಲಿಲ್ಲ. "ಕಾಕಾ, ದಿನದ ಮೊದಲ ಬೀಡಿ ಎಷ್ಟು ಹೊತ್ತಿಗೆ? ಎಲ್ಲಿ ಕೂತು ಸೇದುತ್ತೀರಿ? ಜೊತೆಗೆ ಯಾರಿರುತ್ತಾರೆ?" ಅಂತ ಕೇಳಿದಳು. ಎದ್ದ ಕೂಡಲೇ ಕಟ್ಟೆ ಮೇಲೆ ಕೂತು ಚಹಾದ ಜೊತೆ ಅಂದೆ. "ಹಾಗಾದರೆ ನಾಳೆಯಿಂದ ಚಹಾ ಅಡುಗೆಮನೆಯಲ್ಲಿ ಕುಡಿಯಿರಿ, ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ" ಅಂದಳು. ಅಷ್ಟೇ. ಮಗುವಿನ ಮುಂದೆ ಸೇದಲು ಮನಸ್ಸು ಬರಲಿಲ್ಲ. ಆ ಮೊದಲ ಬೀಡಿ ತಪ್ಪಿದ ಮೇಲೆ ಉಳಿದವು ಒಂದೊಂದಾಗಿ ಸಡಿಲವಾದವು. ಬೀಡಿ, ಸಿಗರೇಟ್ ಬಿಟ್ಟು ಒಂದು ವರ್ಷವಾದರೆ ಸೇದುವುದರಿಂದ ಹೃದಯಕ್ಕೆ ಬಂದಿದ್ದ ಹೆಚ್ಚುವರಿ ಅಪಾಯ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಈ ವಯಸ್ಸಿನಲ್ಲಿ ಬಿಟ್ಟು ಏನು ಪ್ರಯೋಜನ ಅನ್ನುವವರಿಗೆ ಇದನ್ನೇ ಹೇಳುತ್ತೇನೆ.

ಅಣ್ಣ ಮೊದಲ ಪಾಕೀಟು ಯಾವ ಹೊತ್ತಿಗೆ ಹರಿಯುತ್ತಾನೆ, ಎಲ್ಲಿ, ಯಾರ ಜೊತೆ ಅಂತ ಕೇಳಿ ನೋಡಿ. ಬೈಯದೆ ಕೇಳಬೇಕು.

ಸಿಎಚ್‌ಒ, ಚಿಂಚೋಳಿ ತಾಲೂಕು

ನಾನು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯಾಧಿಕಾರಿ. ದಿನಾ ನೋಡುವ ಸಂಗತಿ ಇದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಬಿಪಿ ಗುಳಿಗೆ ಬಿಡುವವರು ಸಾಮಾನ್ಯವಾಗಿ ಹಠಕ್ಕೆ ಬಿಡುವುದಿಲ್ಲ. ಹಿಂದೆ ಒಂದು ಕಾರಣ ಇರುತ್ತದೆ, ಅದನ್ನು ಹೇಳುವುದಿಲ್ಲ. ಒಬ್ಬರಿಗೆ ಕಾಲು ಬಾವು ಬಂದಿರುತ್ತದೆ. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಹಾಗಾಗುತ್ತದೆ. ಎನಾಲಾಪ್ರಿಲ್ ಥರದ ಗುಳಿಗೆಯಿಂದ ಕೆಲವರಿಗೆ ಒಣ ಕೆಮ್ಮು. ಇನ್ನೊಬ್ಬರಿಗೆ ತಲೆ ಸುತ್ತು. ಗಂಡಸರು ಕೆಲವರು ದಾಂಪತ್ಯದ ತೊಂದರೆ ಅಂತ ಸುಮ್ನೆ ಬಿಟ್ಟಿರುತ್ತಾರೆ, ಬಾಯಿ ಬಿಟ್ಟು ಹೇಳಲು ನಾಚಿಕೆ. ಗುಳಿಗೆ ಬದಲಿಸಿದರೆ ಇವುಗಳಲ್ಲಿ ಬಹಳಷ್ಟು ಸರಿಹೋಗುತ್ತವೆ. ಹಾಗಾಗಿ "ಯಾಕೆ ಬಿಟ್ಟೆ?" ಅನ್ನುವ ಬದಲು "ಗುಳಿಗೆ ತಗೊಂಡಾಗ ಮೈಗೆ ಏನಾದರೂ ಆಗುತ್ತಿತ್ತಾ?" ಅಂತ ಕೇಳಿ.

ಇನ್ನು "ಸಾಯೋ ತನಕ" ಅನ್ನುವ ಮಾತು. ಗುಳಿಗೆ ಬಿಟ್ಟರೆ ಬಿಪಿ ಮತ್ತೆ ಏರುತ್ತದೆ, ನಿಜ. ಗುಳಿಗೆಯ ಚಟ ಹತ್ತಿದ್ದರಿಂದ ಏರಿತು ಅಂತ ಜನ ತಿಳಿಯುತ್ತಾರೆ. ಬಿಪಿ ಒಳಗೇ ಇತ್ತು, ಗುಳಿಗೆ ಅದನ್ನು ಹಿಡಿದಿಟ್ಟಿತ್ತು. 140/90 ದಾಟಿದ ಬಿಪಿ ನೋವು ಕೊಡುವುದಿಲ್ಲ. ಆದರೆ ರಕ್ತನಾಳದ ಒಳಗೋಡೆಯನ್ನು ದಿನದಿನವೂ ಹಾಳು ಮಾಡುತ್ತಿರುತ್ತದೆ. ಅಲ್ಲಿ ಕೊಬ್ಬು ಕೂಡುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ಕಿಡ್ನಿಗೂ ಪೆಟ್ಟು. ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿದವರಿಗೆ ಡಾಕ್ಟರ್ ಗುಳಿಗೆಯ ಪ್ರಮಾಣ ಇಳಿಸಿದ್ದನ್ನು ನಾನೇ ನೋಡಿದ್ದೇನೆ. ಅದನ್ನು ಅಣ್ಣನಿಗೆ ಹೇಳಿ. ದಾರಿ ಇದೆ ಅಂತ ಗೊತ್ತಾದರೆ ಮನುಷ್ಯ ಹೆಜ್ಜೆ ಹಾಕುತ್ತಾನೆ.

30 ದಾಟಿದ ಎಲ್ಲರ ಬಿಪಿ, ಸಕ್ಕರೆ ನೋಡುವುದು ನಮ್ಮ ಕೆಲಸವೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುಳಿಗೆಗೆ ದುಡ್ಡಿಲ್ಲ. ನಾಚಿಕೆ ಬೇಡ, ಬನ್ನಿ.

ಖಾನಾವಳಿ ಮನೆ, ಕಲಬುರಗಿ

ನಾವು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಖಾನಾವಳಿ ನಡೆಸುತ್ತಿದ್ದೇವೆ. ಉಪ್ಪಿನ ವಿಷಯ ನನಗೆ ಬಿಡಿ.

ನಮ್ಮ ಜೋಳದ ರೊಟ್ಟಿಗೆ ಉಪ್ಪು ಹಾಕುವುದಿಲ್ಲ. ಹಿಟ್ಟು, ಬಿಸಿನೀರು, ಅಷ್ಟೇ. ದಿನದ ಮುಖ್ಯ ಆಹಾರದಲ್ಲೇ ಉಪ್ಪಿಲ್ಲದ ಊಟ ನಮ್ಮದು. ಇದನ್ನು ನಾವು ಮರೆತೇಬಿಟ್ಟಿದ್ದೇವೆ. ಉಪ್ಪು ಬರುವುದು ರೊಟ್ಟಿಯ ಪಕ್ಕದಿಂದ. ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆಗೆ ಮೇಲಿನಿಂದ ಹಾಕುವ ಚಿಟಿಕೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಸಣ್ಣ ಚಮಚ. ಚಮಚ ಹಿಡಿದು ಯಾರೂ ಅಳೆಯುವುದಿಲ್ಲ. ಲೆಕ್ಕ ಹೀಗೆ ಮಾಡಿ. ಐದು ಜನರ ಮನೆಗೆ ತಿಂಗಳಿಗೆ 750 ಗ್ರಾಂ, ಅಂದರೆ ಮುಕ್ಕಾಲು ಕೆಜಿ. ಉಪ್ಪಿನ ಪಾಕೀಟು ಒಡೆದ ದಿನ ಅದರ ಮೇಲೆ ಪೆನ್ನಿನಿಂದ ತಾರೀಖು ಬರೆಯಿರಿ. ಮುಗಿದ ದಿನ ನೋಡಿ. ಒಂದು ಕೆಜಿ ಪಾಕೀಟು ಹದಿನೈದು ದಿನಕ್ಕೇ ಖಾಲಿಯಾದರೆ ಎಷ್ಟು ತಿನ್ನುತ್ತಿದ್ದೀರಿ ಅಂತ ಯಾರೂ ಹೇಳಬೇಕಾಗಿಲ್ಲ. ಹೊರಗಿನ ಭಜಿ, ಚಿವಡಾ, ಬಿಸ್ಕತ್ತು ಇದರ ಮೇಲೆ ಬೇರೆ. ಸೈಂಧವ ಉಪ್ಪು, ಕಲ್ಲುಪ್ಪು ತಿಂದರೆ ಬಿಪಿ ಬರುವುದಿಲ್ಲ ಅನ್ನುವ ಮಾತು ನಂಬಬೇಡಿ. ಅವೂ ಉಪ್ಪೇ.

ನಮ್ಮಲ್ಲಿ ಮಾಡಿದ್ದು ಇಷ್ಟು. ಮೇಜಿನ ಮೇಲಿನ ಉಪ್ಪಿನ ಬಟ್ಟಲು ತೆಗೆದೆವು. ಕೇಳಿದವರಿಗೆ ಕೊಡುತ್ತೇವೆ. ಕೇಳುವವರು ಬಹಳ ಕಡಿಮೆ. ಪಲ್ಯಕ್ಕೆ ಉಪ್ಪು ಒಮ್ಮೆಲೇ ಇಳಿಸಲಿಲ್ಲ, ಸ್ವಲ್ಪ ಸ್ವಲ್ಪ ಇಳಿಸಿದೆವು. ಪುಂಡಿಪಲ್ಯದ ಹುಳಿ ಇದೆಯಲ್ಲ, ಅದು ಉಪ್ಪಿನ ಕೊರತೆಯನ್ನು ಮುಚ್ಚುತ್ತದೆ. ನಿಂಬೆಹಣ್ಣು, ಬೆಳ್ಳುಳ್ಳಿ, ಹಸಿ ಉಳ್ಳಾಗಡ್ಡಿ ಸಹ. ಹಿಂಡಿಯನ್ನು ಶೇಂಗಾ ಬದಲು ಅಗಸಿ, ಗುರೆಳ್ಳಿನಿಂದ ಮಾಡಿ, ಉಪ್ಪು ಅರ್ಧ ಮಾಡಿ ನೋಡಿ. ಅಣ್ಣನಿಗೆ ಬೇರೆ ಸಪ್ಪೆ ಅಡುಗೆ ಮಾಡಿ ಬಡಿಸಬೇಡಿ, ಕೈಮುಗಿದು ಕೇಳುತ್ತೇನೆ. ರೋಗಿ ಅನ್ನುವ ಭಾವನೆ ಬಂದರೆ ಹೊರಗೆ ಹೋಗಿ ತಿನ್ನುತ್ತಾನೆ. ಮನೆಯ ಪಾತ್ರೆಯಲ್ಲೇ ಎಲ್ಲರಿಗೂ ಇಳಿಸಿ.

ತೊಗರಿ ರೈತ, ಚಿತ್ತಾಪುರ

ಖಾನಾವಳಿಯವರ ಮಾತು ಸರಿ. ಆದರೆ ಎಣ್ಣೆ ಬಗ್ಗೆ ಯಾರೂ ಬರೆದಿಲ್ಲ. ನಮ್ಮ ತಂದೆಯವರ ಕಾಲದಲ್ಲಿ ಹೊಲದಲ್ಲಿ ಜೋಳದ ಜೊತೆ ಕುಸುಬಿ ಇರುತ್ತಿತ್ತು. ಗಾಣದ ಕುಸುಬಿ ಎಣ್ಣೆ ತಿಂದವರು ಎಂಬತ್ತು ವರ್ಷ ಬಾಳಿದರು. ಈಗ ಮನೆಮನೆಗೆ ಪಾಕೀಟಿನ ಪಾಮ್ ಎಣ್ಣೆ. ಹೃದಯದ ಕಾಯಿಲೆಗೆ ಅದೇ ಮೂಲ ಅಂತ ನನ್ನ ಅಭಿಪ್ರಾಯ. ಕುಸುಬಿ ಎಣ್ಣೆಯನ್ನು ಬೇಕಾದಷ್ಟು ತಿನ್ನಬಹುದು.

ಕಿರಿಯ ವೈದ್ಯ, ಬೀದರ್

ಅಣ್ಣಾವ್ರೇ, ಕುಸುಬಿಯ ಬಗ್ಗೆ ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಪಾಮ್ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಕುಸುಬಿಯಲ್ಲಿ ಅದು ಹತ್ತರಲ್ಲಿ ಒಂದು ಭಾಗದಷ್ಟು ಮಾತ್ರ. ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದು ಆ ಸ್ಯಾಚುರೇಟೆಡ್ ಕೊಬ್ಬು. ಕುಸುಬಿ ಬೆಳೆಯುವ ಸೀಮೆಯಲ್ಲಿ ಇದ್ದು ನಾವು ಅದನ್ನು ಬಿಟ್ಟಿದ್ದು ನನಗೂ ಬೇಸರ.

"ಬೇಕಾದಷ್ಟು" ಅನ್ನುವುದನ್ನು ಮಾತ್ರ ಒಪ್ಪಲಾರೆ. ಎಣ್ಣೆ ಯಾವುದಾದರೂ ಒಂದು ಗ್ರಾಂಗೆ 9 ಕ್ಯಾಲೊರಿ. ತಂದೆಯವರು ದಿನವಿಡೀ ಹೊಲದಲ್ಲಿ ದುಡಿದು ಕರಗಿಸುತ್ತಿದ್ದರು. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ಎಣ್ಣೆಗಾಯಿ ಬದನೆಕಾಯಿ ಮಾಡಿದ ದಿನ ಮೇಲೆ ತೇಲುವ ಎಣ್ಣೆಯನ್ನು ತೆಗೆದಿಡಿ, ರುಚಿ ಮಸಾಲೆಯಲ್ಲಿ ಇರುತ್ತದೆ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಇನ್ನೂ ಕೆಟ್ಟದ್ದು. ಮಿರ್ಚಿ ಭಜಿ ಬಂಡಿಯಲ್ಲಿ ಎಣ್ಣೆ ಕಪ್ಪಾಗಿ ನೊರೆ ಬರುತ್ತಿದ್ದರೆ ಅಲ್ಲಿ ತಿನ್ನಬೇಡಿ. ವನಸ್ಪತಿಯಂಥ ಕೊಬ್ಬಿನಲ್ಲಿ ಹೃದಯಕ್ಕೆ ಕೆಡುಕು ಮಾಡುವ ಟ್ರಾನ್ಸ್ ಫ್ಯಾಟ್ ಶೇ 2 ಮೀರಬಾರದು ಅಂತ 2022ರ ಜನವರಿಯಿಂದ ನಿಯಮ ಇದೆ. ಬಂಡಿಯ ಬಾಣಲೆಯಲ್ಲಿ ಏನು ನಡೆಯುತ್ತದೆ ಅಂತ ನಾವೇ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ನಮ್ಮ ಭಾಗದ ಜನ ತೆಳ್ಳಗಿದ್ದರೂ ಹೊಟ್ಟೆ ಮುಂದೆ ಇರುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. 52 ದೇಶಗಳಲ್ಲಿ ನಡೆದು 2004ರಲ್ಲಿ ಹೊರಬಂದ ಇಂಟರ್‌ಹಾರ್ಟ್ ಅಧ್ಯಯನ ಇದೆ. ತಂಬಾಕು, ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಹೊಟ್ಟೆಯ ಬೊಜ್ಜು, ಮಾನಸಿಕ ಒತ್ತಡ, ಹಣ್ಣು ತರಕಾರಿ ಕಡಿಮೆ ತಿನ್ನುವುದು, ವ್ಯಾಯಾಮ ಇಲ್ಲದಿರುವುದು ಮತ್ತು ಮದ್ಯದ ಅಭ್ಯಾಸ, ಈ ಒಂಬತ್ತರಲ್ಲೇ ಮೊದಲ ಹೃದಯಾಘಾತದ ಶೇ 90ರಷ್ಟು ಅಪಾಯ ಅಡಗಿದೆ ಅಂತ ಅದು ತೋರಿಸಿತು. ದಕ್ಷಿಣ ಏಷ್ಯಾದವರಿಗೆ ಇದು ಬೇರೆಯವರಿಗಿಂತ ಕಡಿಮೆ ವಯಸ್ಸಿನಲ್ಲೇ ಬರುತ್ತದೆ ಅಂತಲೂ ಕಂಡುಬಂತು. ಈ ಒಂಬತ್ತರಲ್ಲಿ ಹೆಚ್ಚಿನವು ನಮ್ಮ ಕೈಯಲ್ಲಿವೆ. ನನಗೆ ಧೈರ್ಯ ಕೊಡುವ ಸಂಗತಿ ಅದು.

ಜಿಮ್ ಬಿಟ್ಟವನು, ಯಾದಗಿರಿ

ಒಂದು ಪ್ರಶ್ನೆ. ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ಮೇಲೆ ನಾನು, ನನ್ನ ಗೆಳೆಯರು ಜಿಮ್‌ಗೆ ಹೋಗುವುದನ್ನೇ ಬಿಟ್ಟೆವು. ಅಷ್ಟು ವ್ಯಾಯಾಮ ಮಾಡುತ್ತಿದ್ದವರಿಗೇ ಹಾಗಾದರೆ ನಮ್ಮ ಗತಿ ಏನು? ಕೋವಿಡ್ ಲಸಿಕೆಯಿಂದ ಹೀಗಾಗುತ್ತಿದೆ ಅಂತಲೂ ಎಲ್ಲರೂ ಹೇಳುತ್ತಾರೆ.

ಕಿರಿಯ ವೈದ್ಯ, ಬೀದರ್

ತಮ್ಮಾ, ಈ ಭಯ ಬಹಳ ಹುಡುಗರಲ್ಲಿ ಇದೆ. 2025ರಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಸಾಲುಸಾಲಾಗಿ ಬಂದಾಗ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತ್ತು. ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲ. ಕಂಡದ್ದು ಹಳೆಯ ಕಾರಣಗಳೇ. ಬಿಪಿ, ಸಕ್ಕರೆ, ತಂಬಾಕು, ಬೊಜ್ಜು.

ವ್ಯಾಯಾಮ ಹೃದಯಕ್ಕೆ ಒಳ್ಳೆಯದೇ. ವರ್ಷಗಟ್ಟಲೆ ಸುಮ್ನೆ ಕೂತವರು ಒಂದೇ ದಿನ ಭಾರ ಎತ್ತಲು ಹೋಗಬಾರದು. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹೃದಯದ ಕಾಯಿಲೆಯಿಂದ ತೀರಿಕೊಂಡಿದ್ದರೆ, ಅಥವಾ ನಡೆಯುವಾಗ ಎದೆ ಹಿಡಿದರೆ, ತಲೆ ತಿರುಗಿದರೆ, ಮೊದಲು ಡಾಕ್ಟರ್‌ಗೆ ತೋರಿಸಿ. ಇಲ್ಲವಾದರೆ ನಾಳೆಯಿಂದಲೇ ನಡಿಗೆ ಶುರು ಮಾಡು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು.

ಯಾದಗಿರಿ ಮಗಳು

ಇಡೀ ಚರ್ಚೆ ಓದಿದೆ. ಒಂದು ಮಾತು ಕೇಳಬೇಕು ಅನ್ನಿಸಿತು. ಟೀಚರ್ ಅಕ್ಕಾ, ನಿಮ್ಮ ವೈನಿಯ (ಅಣ್ಣನ ಹೆಂಡತಿಯ) ಬಿಪಿ ಯಾರಾದರೂ ನೋಡಿದ್ದಾರಾ?

ನಾವೆಲ್ಲ ಅಣ್ಣನ ತಾಟಿನ ಬಗ್ಗೆಯೇ ಮಾತಾಡುತ್ತಿದ್ದೇವೆ. ಆ ತಾಟು ಬಡಿಸುವವರು ಕೊನೆಗೆ ಕೂತು ಊಟ ಮಾಡುತ್ತಾರೆ. ಉಳಿದ ಪಲ್ಯ ಕೆಡಬಾರದು ಅಂತ ತಾವೇ ತಿನ್ನುತ್ತಾರೆ, ಹುಳಿ ಬಂದ ಹಿಟ್ಟಿನ ದೋಸೆ ತಿನ್ನುತ್ತಾರೆ. ಬೆಳಗ್ಗೆ ನಡಿಗೆಗೆ ಹೋಗು ಅಂತ ಅವರಿಗೆ ಯಾರು ಹೇಳುತ್ತಾರೆ? ಹೋದರೆ ರೊಟ್ಟಿ ಬಡಿಯುವವರು ಯಾರು? ನಮ್ಮ ಅವ್ವನಿಗೆ ಎದೆನೋವು ಬರಲೇ ಇಲ್ಲ. ಒಂದು ವಾರ ಸುಸ್ತು, ಮೆಟ್ಟಿಲು ಹತ್ತಿದರೆ ದಮ್ಮು, ಬೆನ್ನುನೋವು, ವಾಕರಿಕೆ. ಮನೆಯಲ್ಲಿ ಎಲ್ಲರೂ ಪಿತ್ತ ಅಂದರು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೃದಯದ ಅಪಾಯ ಏರುತ್ತದೆ ಅನ್ನುವುದನ್ನು ಡಾಕ್ಟರ್ ಹೇಳಿದ ಮೇಲೆ ನಾವು ತಿಳಿದದ್ದು. ಅವ್ವ ಉಳಿದಿದ್ದಾರೆ. ಈಗ ಅವರ ಗುಳಿಗೆಯ ಡಬ್ಬಿ ದೇವರ ಮಾಡದಲ್ಲಿ ಇದೆ, ದೀಪ ಹಚ್ಚುವಾಗ ನೆನಪಾಗಲಿ ಅಂತ.

ಸಿಎಚ್‌ಒ, ಚಿಂಚೋಳಿ ತಾಲೂಕು

ಈ ಮಾತು ಬರೆದದ್ದಕ್ಕೆ ನಿಮಗೆ ಧನ್ಯವಾದ. ಸಕ್ಕರೆ ಕಾಯಿಲೆ ಇದ್ದವರಲ್ಲೂ ಹೀಗೇ ಆಗುತ್ತದೆ. ನರಗಳು ಕೆಟ್ಟಿರುವುದರಿಂದ ನೋವು ಗೊತ್ತೇ ಆಗದೆ ಹೃದಯಾಘಾತ ಆಗಬಹುದು. ಏಕಾಏಕಿ ದಮ್ಮು, ತಣ್ಣನೆ ಬೆವರು, ವಿಪರೀತ ಸುಸ್ತು ಕಂಡರೆ ಇಸಿಜಿ ಮಾಡಿಸಿ.

ದಾಲ್ ಮಿಲ್ ಹಮಾಲಿ

ನಾನೂ ಮಿಲ್‌ನಲ್ಲೇ ಕೆಲಸ ಮಾಡುವವನು. ಚೀಲ ಹೊರುತ್ತೇನೆ. ಎಲ್ಲರೂ ಒಳ್ಳೆಯ ಮಾತು ಬರೆದಿದ್ದೀರಿ. ಆದರೆ ಕೆಲಸದ ಜಾಗವನ್ನೂ ಸ್ವಲ್ಪ ನೋಡಿ. ಸೀಸನ್‌ನಲ್ಲಿ ಬೆಳಗ್ಗೆ ಹೋದರೆ ರಾತ್ರಿ ಮನೆಗೆ. ಧೂಳು, ಸದ್ದು. ಹಸಿವಾದಾಗ ಗೇಟಿನ ಮುಂದೆ ಸಿಗುವುದು ಭಜಿ ಮತ್ತು ಚಹಾ ಮಾತ್ರ. ಗುಟ್ಕಾ ಯಾಕೆ ಹಾಕುತ್ತಾರೆ ಗೊತ್ತಾ? ಹಸಿವೂ ನಿದ್ದೆಯೂ ಹತ್ತಿರ ಬರುವುದಿಲ್ಲ. 2013ರಲ್ಲೇ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಗಿದೆ. ಈಗ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು, ಎರಡನ್ನೂ ಕೂಡಿಸಿ ಬಾಯಿಗೆ ಹಾಕುತ್ತಾರೆ.

ಮನುಷ್ಯನಿಗೆ ಬುದ್ಧಿ ಹೇಳುವ ಮೊದಲು ಗೇಟಿನ ಮುಂದೆ ತಿನ್ನಲು ಬೇರೆ ಏನಾದರೂ ಸಿಗುವ ಹಾಗೆ ಮಾಡಿ. ಒಬ್ಬ ಅಜ್ಜಿ ಹೆಸರುಕಾಳಿನ ಉಸುಳಿ, ಬಾಳೆಹಣ್ಣು, ಮಜ್ಜಿಗೆ ಮಾರಲು ಕೂತರೆ ನಾವು ತಿನ್ನುತ್ತೇವೆ. ದುಡ್ಡು ಕೊಟ್ಟೇ ತಿನ್ನುತ್ತೇವೆ.

ಟೀಚರ್ ಅಕ್ಕ, ಕಲಬುರಗಿ

ನಿಮ್ಮೆಲ್ಲರ ಮಾತು ಓದಿ ಕಣ್ಣು ತುಂಬಿತು. ಈ ನಡುವೆ ಆದದ್ದು ಹೇಳುತ್ತೇನೆ.

ಯಾದಗಿರಿ ತಂಗಿ ಕೇಳಿದ ಪ್ರಶ್ನೆ ರಾತ್ರಿಯಿಡೀ ತಲೆಯಲ್ಲಿತ್ತು. ಮರುದಿನ ವೈನಿಗೆ ಹೇಳಿದೆ, "ನಡೀರಿ ವೈನಿ, ನಿಮ್ಮ ಬಿಪಿ ನೋಡಿಸಿಕೊಂಡು ಬರೋಣ". ನನಗೇನಾಗಿದೆ ಅಂದರು. ಅಣ್ಣ ಅಲ್ಲೇ ಕೂತಿದ್ದ. ಸಂಜೆ ಅವನೇ ಗಾಡಿಯಲ್ಲಿ ಕರೆದುಕೊಂಡು ಹೋದ. ವೈನಿಗೆ 150 ದಾಟಿತ್ತು. ಒಂದೇ ಸಲಕ್ಕೆ ನಿರ್ಧರಿಸಲ್ಲ, ಇನ್ನೊಂದು ದಿನ ಬನ್ನಿ ಅಂತ ನರ್ಸ್ ಹೇಳಿ, ಅಣ್ಣನಿಗೂ "ನೀವೂ ಕೂತ್ಕೊಳ್ಳಿ" ಅಂದರಂತೆ. ಅಲ್ಲಿ ಸಿಎಚ್‌ಒ ಮೇಡಂ ಬರೆದ ಪ್ರಶ್ನೆಯನ್ನೇ ಕೇಳಿದರು. ಆಗ ಬಾಯಿಬಿಟ್ಟ. ಗುಳಿಗೆ ತಗೊಂಡಾಗ ಸಂಜೆ ಕಾಲು ಊದಿಕೊಂಡು ಚಪ್ಪಲಿ ಬಿಗಿಯಾಗುತ್ತಿತ್ತಂತೆ. ನಮಗೆ ಯಾರಿಗೂ ಹೇಳಿರಲಿಲ್ಲ. ಡಾಕ್ಟರ್ ಬೇರೆ ಗುಳಿಗೆ ಬರೆದುಕೊಟ್ಟಿದ್ದಾರೆ. ತಗೊಳ್ಳುತ್ತಿದ್ದಾನೆ.

ಉಪ್ಪಿನ ಪಾಕೀಟಿನ ಮೇಲೆ ತಾರೀಖು ಬರೆದಿದ್ದೇವೆ. ಬರೆದವನು ಅಣ್ಣನ ಮಗ. ಗುಟ್ಕಾ ಮಾತ್ರ ನಡೆದೇ ಇದೆ. ಮೊದಲ ಪಾಕೀಟು ಯಾವಾಗ ಅಂತ ಕೇಳಿದೆ, "ಮಿಲ್ ಗೇಟು ದಾಟಿದ ಕೂಡಲೇ" ಅಂದ. ಎದ್ದು ಹೋಗದೆ ಉತ್ತರ ಕೊಟ್ಟ. ಮುಂದೇನು ಮಾಡಲಿ?

ನಿವೃತ್ತ ಚಾಲಕ, ಜೇವರ್ಗಿ

ಬಹಳ ಸಂತೋಷ ತಂಗೀ. ಗೇಟು ದಾಟುವಾಗ ಅಂಗಿ ಕಿಸೆಯಲ್ಲಿ ಬೇರೆ ಏನಾದರೂ ಇರಲಿ. ಸೋಂಪು, ಲವಂಗ, ಹುರಿದ ಅಗಸಿ. ತಂಬಾಕು ಬಿಡಿಸಲು ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಬಿಟ್ಟ ಮೊದಲ ದಿನಗಳಲ್ಲಿ ತಲೆನೋವು, ಸಿಟ್ಟು, ನಿದ್ದೆ ಬರದಿರುವುದು ಎಲ್ಲ ಆಗುತ್ತದೆ. ಆ ಹೊತ್ತಿಗೆ ಮನೆಯವರು ತಾಳ್ಮೆ ಇಟ್ಟುಕೊಳ್ಳಬೇಕು. ಸಿಟ್ಟಿನಲ್ಲಿ ಆಡಿದ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ತಿರುಗಿ ಒಂದು ದಿನ ಹಾಕಿದರೆ ಎಲ್ಲ ಮುಗಿಯಿತು ಅಂತ ಬಿಡಲೂಬೇಡಿ.

ಅಪ್ಪನ ಕೆರೆ ವಾಕರ್

ನಡಿಗೆಯ ಬಗ್ಗೆ ಎರಡು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಏಳು ಗಂಟೆಗೆ ನಡಿಗೆಗೆ ಹೊರಟರೆ ತಡವಾಯಿತು. ಐದೂವರೆಗೆ ಅಪ್ಪನ ಕೆರೆಗೋ ಪಬ್ಲಿಕ್ ಗಾರ್ಡನ್‌ಗೋ ಬನ್ನಿ, ಜೊತೆಗೆ ಜನ ಸಿಗುತ್ತಾರೆ. ಬೀದರ್‌ನವರಿಗೆ ಕೋಟೆ ಇದೆ, ಅಷ್ಟು ದೊಡ್ಡ ಜಾಗ ನಮಗೂ ಇಲ್ಲ. ಆ ಎರಡು ತಿಂಗಳು ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ. ನೌಕರರಿಗೆ ಬೆಳಗ್ಗೆ ಆಗದಿದ್ದರೆ ಹೊತ್ತು ಮುಳುಗಿದ ಮೇಲೆ ಸಾಕಷ್ಟು ಸಮಯ ಇರುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಗುಳಿಗೆ ತಗೊಳ್ಳುವವರು ಬೇಸಿಗೆಯಲ್ಲಿ ಡಾಕ್ಟರ್ ಹತ್ತಿರ ಒಮ್ಮೆ ಕೇಳಿಕೊಳ್ಳಿ, ನೀರಿನಂಶ ಬೇಗ ಇಳಿಯುತ್ತದೆ.

ಹಬ್ಬದ ಊಟ ಬಿಡಿ ಅಂತ ಮಾತ್ರ ಯಾರಿಗೂ ಹೇಳಬೇಡಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ತಿಂದರೆ ಯಾರ ಹೃದಯವೂ ಕೆಡುವುದಿಲ್ಲ. ಆ ಭಜ್ಜಿಯಲ್ಲಿ ಇರುವಷ್ಟು ಕಾಳು, ಸೊಪ್ಪು, ತರಕಾರಿ ವರ್ಷದ ಬೇರೆ ದಿನಗಳಲ್ಲಿ ನಮ್ಮ ತಾಟಿನಲ್ಲಿ ಇರುವುದಿಲ್ಲ ಅನ್ನುವುದೇ ನನ್ನ ಚಿಂತೆ.

ರೋಜಾ ಮನೆಯವಳು, ಕಲಬುರಗಿ

ಅಕ್ಕಾ, ಸಿಎಚ್‌ಒ ಮೇಡಂಗೆ ಒಂದು ಪ್ರಶ್ನೆ. ನಮ್ಮವರಿಗೆ ಬಿಪಿ, ಸಕ್ಕರೆ ಎರಡೂ ಇದೆ. ರಂಜಾನ್‌ನಲ್ಲಿ ರೋಜಾ ಇಡುತ್ತಾರೆ, ಬೆಳಗಿನ ಗುಳಿಗೆ ತಿಂಗಳಿಡೀ ಬಿಟ್ಟುಬಿಡುತ್ತಾರೆ. ಇಫ್ತಾರ್‌ಗೆ ಸಮೋಸ, ಭಜಿ ಇರಲೇಬೇಕು. ಏನು ಮಾಡಬೇಕು?

ಸಿಎಚ್‌ಒ, ಚಿಂಚೋಳಿ ತಾಲೂಕು

ಆಪಾ, ರಂಜಾನ್ ಶುರುವಾಗುವ ಕೆಲವು ವಾರ ಮೊದಲೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಬಹಳಷ್ಟು ಬಿಪಿ ಗುಳಿಗೆಗಳನ್ನು ಸೆಹ್ರಿ (ಬೆಳಗಿನ ಜಾವದ ಊಟ) ಅಥವಾ ಇಫ್ತಾರ್ ಹೊತ್ತಿಗೆ ಬದಲಿಸಿಕೊಡಲು ಆಗುತ್ತದೆ. ಸಕ್ಕರೆ ಕಾಯಿಲೆಯ ಗುಳಿಗೆ ಮತ್ತು ಇನ್ಸುಲಿನ್ ಲೆಕ್ಕ ಬೇರೆ. ಹಗಲಿನಲ್ಲಿ ಸಕ್ಕರೆ ತೀರಾ ಇಳಿಯಬಹುದು. ಅದನ್ನು ನೀವೇ ಹೊಂದಿಸಬೇಡಿ. ರೋಜಾ ಇಡಬಹುದಾ ಅಂತಲೂ ಆಗಲೇ ಕೇಳಿ. ಇಫ್ತಾರ್‌ಗೆ ಖರ್ಜೂರ, ಹಣ್ಣು, ಕಾಳಿನ ಉಸುಳಿ ಮೊದಲು ಬರಲಿ. ಸಮೋಸ ಮನೆಯಲ್ಲಿ ಮಾಡಿ, ಒಂದಕ್ಕೆ ನಿಲ್ಲಿಸಲಿ.

ಖಾನಾವಳಿ ಮನೆ, ಕಲಬುರಗಿ

ಹಮಾಲಿ ತಮ್ಮ ಬರೆದದ್ದು ಮನಸ್ಸಿಗೆ ನಾಟಿತು. ನಮ್ಮ ಹತ್ತಿರ ಒಂದು ತಳ್ಳುಗಾಡಿ ಸುಮ್ನೆ ನಿಂತಿದೆ. ಯಾವ ಮಿಲ್, ಯಾವ ಗೇಟು ಅಂತ ಟೀಚರ್ ಅಕ್ಕ ನನಗೆ ಪ್ರತ್ಯೇಕವಾಗಿ ತಿಳಿಸಲಿ. ಉಸುಳಿ, ಮಜ್ಜಿಗೆ, ಜೋಳದ ಅಂಬಲಿ ಸಂಜೆ ಹೊತ್ತಿಗೆ ಕಳಿಸುವ ವ್ಯವಸ್ಥೆ ಮಾಡಿ ನೋಡುತ್ತೇನೆ. ಭಜಿ ಬಂಡಿಯವರಿಗೂ ಹೊಟ್ಟೆಪಾಡು ಇದೆ, ಅವರ ಜೊತೆಗೇ ಮಾತಾಡಿ ಮಾಡಬೇಕು.

ದಾಲ್ ಮಿಲ್ ಹಮಾಲಿ

ಅಂಬಲಿ ಬಂದರೆ ಮೊದಲ ಗಿರಾಕಿ ನಾನು. ಇನ್ನೊಂದು ಮಾತು. ಪಗಾರದ ದಿನ ಎಲ್ಲರೂ ಒಂದೇ ಕಡೆ ಸಾಲು ನಿಲ್ಲುತ್ತೇವೆ. ಆ ದಿನ ಒಬ್ಬ ನರ್ಸ್ ಬಿಪಿ ಮಷಿನ್ ಹಿಡಿದು ಕೂತರೆ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಸಿಎಚ್‌ಒ, ಚಿಂಚೋಳಿ ತಾಲೂಕು

ಒಳ್ಳೆಯ ಯೋಚನೆ. ಮಿಲ್‌ನವರು ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೆ ಒಂದು ಪತ್ರ ಕೊಟ್ಟು ಕೇಳಲಿ. ಒಂದೇ ಎಚ್ಚರ. ಚೀಲ ಹೊತ್ತ ಕೂಡಲೇ, ಚಹಾ ಕುಡಿದ ಕೂಡಲೇ, ತಂಬಾಕು ಹಾಕಿಕೊಂಡು ನೋಡಿಸಿದರೆ ಬಿಪಿ ಜಾಸ್ತಿ ಬರುತ್ತದೆ. ಅರ್ಧ ಗಂಟೆ ಬಿಟ್ಟು, ಐದು ನಿಮಿಷ ಬೆನ್ನು ಒರಗಿಸಿ ಕೂತು, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡಬೇಕು.

ನಿವೃತ್ತ ಚಾಲಕ, ಜೇವರ್ಗಿ

ಇದನ್ನೂ ಸೇರಿಸುತ್ತೇನೆ, ಯಾಕೆಂದರೆ ನಾನು ಬದುಕಿದ್ದು ಇದರಿಂದ. ನನಗೆ ಡಿಪೋದಲ್ಲಿ ಎದೆ ಬಿಗಿಯಿತು, ದವಡೆಗೂ ಎಡಗೈಗೂ ನೋವು, ಅಂಗಿ ಪೂರ್ತಿ ಬೆವರು. ಗ್ಯಾಸ್ ಇರಬೇಕು, ಸೋಡಾ ಕುಡಿಯಿರಿ ಅಂತ ಒಬ್ಬರು ಅಂದರು. ಕಂಡಕ್ಟರ್ ಕೇಳಲಿಲ್ಲ. ನೇರವಾಗಿ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಡಾಕ್ಟರ್‌ಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟರು. ಹೊರಗೆ ಸಾವಿರಾರು ರೂಪಾಯಿಯ ಔಷಧಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅದು ಉಚಿತ. ಆಮೇಲೆ ಕಲಬುರಗಿಯ ಜಯದೇವ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಈಗ ಅಲ್ಲಿ 371 ಹಾಸಿಗೆಯ ಹೊಸ ಕಟ್ಟಡ ಇದೆ, 2024ರ ಡಿಸೆಂಬರ್‌ನಲ್ಲಿ ಶುರುವಾಯಿತು. ಮೊದಲು ನಮ್ಮ ಜನ ಇದಕ್ಕೆ ಸೊಲ್ಲಾಪುರ, ಹೈದರಾಬಾದ್, ಬೆಂಗಳೂರು ಅಂತ ಓಡುತ್ತಿದ್ದರು.

ಕಿರಿಯ ವೈದ್ಯ, ಬೀದರ್

ಕಾಕಾ ಹೇಳಿದ ಕಂಡಕ್ಟರ್ ಮಾಡಿದ್ದನ್ನೇ ಎಲ್ಲರೂ ಮಾಡಬೇಕು. ಆ ಇಂಜೆಕ್ಷನ್ ಎಷ್ಟು ಬೇಗ ಬೀಳುತ್ತದೋ ಅಷ್ಟು ಹೃದಯದ ಸ್ನಾಯು ಉಳಿಯುತ್ತದೆ. ಮೊದಲ ಗಂಟೆಗಳು ಬಹಳ ಮುಖ್ಯ. 108ಕ್ಕೆ ಫೋನ್ ಮಾಡಿ. ರೋಗಿ ತಾನೇ ಬೈಕ್ ಓಡಿಸಿಕೊಂಡು ಹೋಗಬಾರದು, ಮೆಟ್ಟಿಲು ಹತ್ತಿಸಬಾರದು. ಕುಸಿದು ಬಿದ್ದು, ಕೂಗಿದರೆ ಮಾತಾಡದೆ, ಉಸಿರಾಟವೂ ಸರಿಯಾಗಿ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಾ ಇರಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಟೀಚರ್ ಅಕ್ಕಾ, ನಿಮ್ಮ ಮನೆಯಿಂದ ರಾತ್ರಿ ಹೊತ್ತಿನಲ್ಲೂ ಇಸಿಜಿ ಸಿಗುವ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ತಿಳಿದುಕೊಳ್ಳಿ. ನಿಮ್ಮ ತಂದೆಯವರಿಗೆ ಆಗಿದ್ದರಿಂದ ನೀವು ಮತ್ತು ಅಣ್ಣ ಇಬ್ಬರೂ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಬೇಕು. ನಿಮ್ಮ ವಯಸ್ಸು ಎಷ್ಟು ಅಂತ ನೀವು ಬರೆದಿಲ್ಲ.

ಟೀಚರ್ ಅಕ್ಕ, ಕಲಬುರಗಿ

43. ಇದುವರೆಗೆ ಮಾಡಿಸಿಲ್ಲ. ಶನಿವಾರ ಶಾಲೆ ಬೆಳಗ್ಗೆಯೇ ಬಿಡುತ್ತದೆ. ವೈನಿಯ ಬಿಪಿ ಎರಡನೇ ಸಲ ನೋಡಿಸಲು ಅಂದೇ ಹೋಗುವುದಿದೆ. ನಾನೂ ರಕ್ತ ಕೊಟ್ಟು ಬರುತ್ತೇನೆ.